ಬೆಟ್ಟ ಹತ್ತಿದ ಜಗದ್ಗುರು



ಡಿಸೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ತಯಾರಿಯೂ ಸೇರಿಕೊಂಡಿದೆ. ಕಾಲೇಜಿಗೆ ಹೋಗುವ ಮಗನೋ, ಆಗಷ್ಟೇ ಕೆಲಸಕ್ಕೆ ಸೇರಿದ ಮಗಳೋ ರಜೆಯಲ್ಲಿ ಸ್ನೇಹಿತರೊಂದಿಗೆ ಹಿಮಾಲಯಕ್ಕೆ ಚಾರಣ ಹೊರಡುತ್ತಾರೆ. ಚಳಿಗಾಲದಲ್ಲಿ ಹಿಮ ತುಳಿಯಬೇಕೆಂಬ ಆಸೆಯಿಂದ ಕೇದಾರ್‌ಕಂಠಕ್ಕೆ ಹೋಗುವವರೇ ಎಷ್ಟೋ ಜನ. ತಾಯಿ ಬ್ಯಾಗಿನಲ್ಲಿ ಇನ್ನೊಂದು ಸ್ವೆಟರ್ ತುರುಕುತ್ತಾಳೆ. ತಂದೆ ಬೇಡವೆನ್ನಲೂ ಆಗದೆ, ಹೋಗಿ ಬಾ ಎನ್ನಲೂ ಆಗದೆ ಪೇಪರು ಓದುತ್ತಾ ಕುಳಿತಿರುತ್ತಾರೆ. ನಮ್ಮ ಊರಿನ ಚಳಿ ಎಂದರೆ ಬೆಳಗಿನ ಪೂಜೆಗೆ ಹೋಗುವಾಗ ಕಿವಿಗೊಂದು ಮಫ್ಲರ್ ಸುತ್ತಿಕೊಂಡರೆ ಮುಗಿಯಿತು. ಮನುಷ್ಯನನ್ನು ಕೊಲ್ಲುವ ಚಳಿ ಹೇಗಿರುತ್ತದೆಂದು ನಮಗೆ ಹೇಗೆ ತಿಳಿಯಬೇಕು?

2024ರ ಜೂನ್ ತಿಂಗಳಲ್ಲಿ ಅದು ತಿಳಿಯಿತು. ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ ಕರ್ನಾಟಕದ ತಂಡ ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದವರನ್ನು ಹೆಲಿಕಾಪ್ಟರ್‌ಗಳು ಕೆಳಕ್ಕೆ ತಂದವು. ಜೂನ್ ಎಂದರೆ ಬೇಸಿಗೆ ಎಂದುಕೊಂಡಿದ್ದ ನಮಗೆಲ್ಲ ಅಂದು ಎದೆ ಒಡೆದಂತಾಯಿತು. ತಪ್ಪು ಯಾರದು ಎಂದು ಎಣಿಸಲು ನಾನು ಹೊರಟಿಲ್ಲ. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಒಬ್ಬ ಗುರುಗಳ ಕಥೆ. ಅವರೂ ಒಮ್ಮೆ 4,600 ಮೀಟರ್ ಆಸುಪಾಸಿನ ಎತ್ತರದಲ್ಲಿ ಬಯಲಲ್ಲೇ ಇಡೀ ರಾತ್ರಿ ಕಳೆದಿದ್ದರು. ಬದುಕಿ ಇಳಿದು ಬಂದರು. ಮುಂದೆ ಜಗದ್ಗುರುಗಳೂ ಆದರು.

ಪ್ರತಿ ವರ್ಷ ನಾವು ಕ್ರಿಸ್ತರಾಜರ ಹಬ್ಬವನ್ನು ಆಚರಿಸುತ್ತೇವಲ್ಲ, ಆ ಹಬ್ಬವನ್ನು 1925ರಲ್ಲಿ ಧರ್ಮಸಭೆಗೆ ಕೊಟ್ಟವರು ಇವರೇ. ಜಗದ್ಗುರು ಹನ್ನೊಂದನೆಯ ಪಿಯುಸ್. ಹುಟ್ಟಿನ ಹೆಸರು ಆಕಿಲ್ಲೆ ರಾತ್ತಿ.

ಇಟಲಿಯ ಮಿಲಾನ್ ನಗರದ ಹತ್ತಿರ ದೇಸಿಯೋ ಎಂಬ ಊರಿದೆ. ರಾತ್ತಿ ಅಲ್ಲಿ 1857ರ ಮೇ 31ರಂದು ಹುಟ್ಟಿದರು. ತಂದೆ ರೇಷ್ಮೆ ಕಾರ್ಖಾನೆಯೊಂದರ ಮೇಲ್ವಿಚಾರಕರು. ರೇಷ್ಮೆಯ ನಂಟಿರುವ ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಅಂತಹ ಮನೆಯ ದುಡಿಮೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಹುಡುಗನ ಚಿಕ್ಕಪ್ಪ ಒಬ್ಬರು ಧರ್ಮಗುರುಗಳಾಗಿದ್ದರು. ಕೋಮೋ ಸರೋವರದ ಸೀಮೆಯಲ್ಲಿ ಆಸೋ ಎಂಬ ಊರಿನ ಧರ್ಮಕೇಂದ್ರ ಅವರದು. ರಜೆ ಬಂದರೆ ಹುಡುಗ ಅಲ್ಲಿಗೆ ಓಡುತ್ತಿದ್ದ. ಬೆಟ್ಟದ ಹುಚ್ಚೂ ಗುರುವಾಗುವ ಬಯಕೆಯೂ ಬಹುಶಃ ಒಂದೇ ಮನೆಯ ಜಗಲಿಯಲ್ಲಿ ಹತ್ತಿಕೊಂಡವು.

1879ರಲ್ಲಿ ರೋಮಿನಲ್ಲಿ ಗುರುದೀಕ್ಷೆಯಾಯಿತು. ಆಮೇಲೆ ಗುರುಮಠದಲ್ಲಿ ಪಾಠ ಹೇಳುವ ಕೆಲಸ. 1888ರಲ್ಲಿ ಮಿಲಾನಿನ ಹೆಸರಾಂತ ಅಂಬ್ರೋಸಿಯನ್ ಗ್ರಂಥಾಲಯಕ್ಕೆ ಸೇರಿದರು. ಹಳೆಯ ಹಸ್ತಪ್ರತಿಗಳ ಧೂಳು ಕೊಡವಿ, ಒಂದೊಂದು ಅಕ್ಷರವನ್ನೂ ತಾಳ್ಮೆಯಿಂದ ಓದುವ ಕೆಲಸ ಅದು. ಇಂತಹವರು ಬೆಟ್ಟ ಹತ್ತುತ್ತಾರೆಂದರೆ ನಂಬುವುದು ಕಷ್ಟ. ಆದರೆ ಹಸ್ತಪ್ರತಿ ಓದುವ ತಾಳ್ಮೆಯೇ ಅವರನ್ನು ಬೆಟ್ಟದ ಮೇಲೂ ಕಾಪಾಡಿತು ಎಂಬುದು ನನ್ನ ಅನಿಸಿಕೆ. ಬೇಸಿಗೆ ರಜೆಯಲ್ಲಿ ಆಲ್ಪ್ಸ್ ಪರ್ವತಕ್ಕೆ ಹೊರಡುವ ಮೊದಲು ಅವರು ನಕ್ಷೆಗಳನ್ನು ನೋಡುತ್ತಿದ್ದರು, ಹಿಂದೆ ಹತ್ತಿದವರು ಬರೆದದ್ದನ್ನೆಲ್ಲ ಓದುತ್ತಿದ್ದರು, ಆ ಬೆಟ್ಟವನ್ನು ಬಲ್ಲ ಗೈಡುಗಳನ್ನೇ ಕರೆದುಕೊಳ್ಳುತ್ತಿದ್ದರು.

ಈಗ 1889ರ ಜುಲೈ ತಿಂಗಳ ಕೊನೆಗೆ ಬರೋಣ. ರಾತ್ತಿಯವರಿಗೆ ಆಗ 32 ವರ್ಷ.

ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ ಮೊಂತೆ ರೋಸಾ ಎಂಬ ದೊಡ್ಡ ಪರ್ವತವಿದೆ. ಅದರ ತುದಿ 4,634 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತಲೂ ಹೆಚ್ಚು ಎನ್ನಿ. ಅದರ ಪೂರ್ವದ ಮುಖ ಮಕುನ್ಯಾಗ ಎಂಬ ಹಳ್ಳಿಯ ಮೇಲೆ ಗೋಡೆಯಂತೆ ಎದ್ದು ನಿಂತಿದೆ. ಎರಡು ಸಾವಿರ ಮೀಟರಿಗೂ ಮಿಕ್ಕಿದ ಹಿಮದ ಗೋಡೆ. ಸೂರ್ಯ ಮೇಲೇರಿದ ಹಾಗೆ ಅಲ್ಲಿ ಹಿಮ ಸಡಿಲವಾಗಿ ರಾಶಿರಾಶಿಯಾಗಿ ಕುಸಿಯುತ್ತದೆ. 1872ರಲ್ಲಿ ಆ ಮುಖವನ್ನು ಮೊದಲು ಹತ್ತಿಸಿದ ಗೈಡು ಫರ್ಡಿನಾಂಡ್ ಇಮ್‌ಸೆಂಗ್. ಅದೇ ಇಮ್‌ಸೆಂಗ್ 1881ರಲ್ಲಿ ಮರಿನೆಲ್ಲಿ ಎಂಬ ಪರ್ವತಾರೋಹಿಯನ್ನು ಅದೇ ದಾರಿಯಲ್ಲಿ ಕರೆದೊಯ್ಯುವಾಗ ಹಿಮಕುಸಿತಕ್ಕೆ ಸಿಕ್ಕಿ, ಮರಿನೆಲ್ಲಿ ಹಾಗೂ ಇನ್ನೊಬ್ಬ ಗೈಡಿನೊಂದಿಗೆ ಪ್ರಾಣ ಬಿಟ್ಟ. ಬಲ್ಲವನನ್ನೂ ಬಿಡದ ಬೆಟ್ಟ ಅದು. ರಾತ್ತಿಯವರಿಗೆ ಇದೆಲ್ಲ ಗೊತ್ತಿತ್ತು. ಅವರು ತಂಗಿ ಹೊರಟ ಗುಡಿಸಲಿಗೆ ಮರಿನೆಲ್ಲಿಯ ಹೆಸರನ್ನೇ ಇಟ್ಟಿದ್ದರು.

ಅವರ ಜೊತೆ ಸ್ನೇಹಿತರಾದ ಲುಯಿಜಿ ಗ್ರಾಸೆಲ್ಲಿ, ಕೂರ್ಮಾಯರಿನ ಗೈಡು ಜೋಸೆಫ್ ಗಾದಿನ್, ಇನ್ನೊಬ್ಬ ಸಹಾಯಕ ಅಲೆಸಿಯೋ ಪ್ರೊಮೆಂಟ್. ನಾಲ್ವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡರು. ಬೆಳಕು ಹರಿಯುವ ಮೊದಲೇ, ಹಿಮ ಗಟ್ಟಿಯಾಗಿರುವಾಗಲೇ, ಕುಸಿತದ ಆ ಕೆಟ್ಟ ಕಮರಿಯನ್ನು ದಾಟಿದರು. ದಿನವಿಡೀ ಹತ್ತಿದರು. ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ತುದಿಯ ಬಳಿ ತಲುಪಿದಾಗ ಸಂಜೆಯಾಗಿತ್ತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಾಲ್ವರೂ ದಣಿದಿದ್ದಾರೆ. ಕತ್ತಲಾಗುತ್ತಿದೆ. ಗಾಳಿ ಕೊರೆಯುತ್ತಿದೆ. ಇಂತಹ ಹೊತ್ತಿನಲ್ಲಿ ಮನುಷ್ಯನ ಮನಸ್ಸು ಏನು ಹೇಳುತ್ತದೆ? ಹೇಗಾದರೂ ಮಾಡಿ ಇಳಿದುಬಿಡೋಣ, ಕೆಳಗೆ ಬೆಚ್ಚಗಿನ ಹಾಸಿಗೆ ಇದೆ, ಬಿಸಿ ಊಟ ಇದೆ ಎನ್ನುತ್ತದೆ. ಬೆಟ್ಟಗಳಲ್ಲಿ ಎಷ್ಟೋ ಸಾವುಗಳು ಆಗುವುದು ಈ ಆತುರದಲ್ಲೇ. ಅವರು ಆತುರಪಡಲಿಲ್ಲ. ಗಾಳಿ ನೇರವಾಗಿ ಬಡಿಯುವ ತುದಿಯಿಂದ ಸ್ವಲ್ಪ ಕೆಳಗಿಳಿದು, ಒಂದು ಬಂಡೆಯ ಕಿರಿದಾದ ಅಂಚಿನಲ್ಲಿ ಕುಳಿತರು. ಕಾಲು ಚಾಚಿದರೆ ಕೆಳಗೆ ಪಾತಾಳ. ಹಾಸಲು ಜಾಗವಿಲ್ಲ, ಹೊದೆಯಲು ಹೊದಿಕೆಯಿಲ್ಲ. ಬೆಳಗಾಗುವವರೆಗೆ ಅಲ್ಲಿಂದ ಕದಲುವುದಿಲ್ಲ ಎಂದು ನಿಶ್ಚಯಿಸಿದರು.

ತಂದಿದ್ದ ಕಾಫಿ ಗಟ್ಟಿ ಮಂಜುಗಡ್ಡೆಯಾಗಿತ್ತು. ವೈನು, ಮೊಟ್ಟೆಗಳ ಪಾಡೂ ಅದೇ. ಉಳಿದದ್ದು ಚಾಕಲೇಟು ಮತ್ತು ಕಿರ್ಶ್ ಎಂಬ ಚೆರ್ರಿ ಹಣ್ಣಿನ ಸಾರಾಯಿ. ಯಾರೂ ನಿದ್ದೆಗೆ ಜಾರಬಾರದೆಂದು ಮಾತನಾಡುತ್ತಲೇ ಇದ್ದರು. ಕಾಲುಗಳನ್ನು ಬಡಿಯುತ್ತಲೇ ಇದ್ದರು. ಒಬ್ಬ ತೂಕಡಿಸಿ ಜಾರಿದರೆ ಒಂದೇ ಹಗ್ಗದಲ್ಲಿರುವ ನಾಲ್ವರ ಗತಿಯೂ ಒಂದೇ. ನಡುರಾತ್ರಿಯಲ್ಲಿ ಎಲ್ಲೋ ಹಿಮದ ದೊಡ್ಡ ರಾಶಿಯೊಂದು ಗುಡುಗಿದಂತೆ ಕುಸಿದು ಕಣಿವೆಗೆ ಉರುಳಿದ್ದು ಕೇಳಿಸಿತು. ರಾತ್ತಿಯವರು ಮುಂದೆ ಇಟಲಿಯ ಪರ್ವತಾರೋಹಿಗಳ ಸಂಘದ ಪತ್ರಿಕೆಗೆ ಆ ರಾತ್ರಿಯ ಬಗ್ಗೆ ಬರೆದರು. ಅದರಲ್ಲಿ ಭಯಕ್ಕಿಂತ ಹೆಚ್ಚಾಗಿ ಕಾಣುವುದು ಬೆರಗು. ನಕ್ಷತ್ರ ತುಂಬಿದ ಆಕಾಶದ ಕೆಳಗೆ, ಅಷ್ಟೊಂದು ಮೌನದ ನಡುವೆ, ದೇವರ ಸೃಷ್ಟಿಯ ಎದುರು ತಾವೆಷ್ಟು ಸಣ್ಣವರೆಂದು ಅವರಿಗೆ ಅನಿಸಿತ್ತು.

ಬೆಳಗಾಯಿತು. ನಾಲ್ವರೂ ಎದ್ದರು. ಶಿಖರ ಮುಟ್ಟಿ, ಜುಮ್‌ಸ್ಟೈನ್ ಕಣಿವೆದಾರಿಯನ್ನು ದಾಟಿ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಕಡೆಗೆ ಇಳಿದರು. ಆ ದಾರಿಯನ್ನು ಹಾಗೆ ದಾಟಿದವರಲ್ಲಿ ಅವರೇ ಮೊದಲಿಗರು. ಕೆಲವೇ ದಿನಗಳಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನೂ ಹತ್ತಿದರು. ಮರುವರ್ಷ, 1890ರಲ್ಲಿ, ಮೌಂಟ್ ಬ್ಲಾಂಕ್‌ನಿಂದ ಇಟಲಿಯ ಕಡೆಗೆ ಅವರು ಇಳಿದು ಬಂದ ದಾರಿಯನ್ನು ಪರ್ವತಾರೋಹಿಗಳು ಇಂದಿಗೂ ಪೋಪರ ದಾರಿ ಎಂದೇ ಕರೆಯುತ್ತಾರೆ.

ಆ ರಾತ್ರಿ ಅವರು ಬದುಕಿದ್ದು ಹೇಗೆ? ಪ್ರಾರ್ಥನೆಯಿಂದ ಎಂದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರೇ ಬೇರೆ ಲೆಕ್ಕವನ್ನೂ ಕೊಟ್ಟಿದ್ದಾರೆ. ಪರ್ವತ ಹತ್ತುವುದು ತಲೆ ಕೆಟ್ಟವರ ಸಾಹಸವಲ್ಲ. ಅದು ಬಹುಪಾಲು ವಿವೇಕದ ಕೆಲಸ, ಧೈರ್ಯ ಸ್ವಲ್ಪವಿದ್ದರೆ ಸಾಕು ಎಂಬುದು ಅವರ ನಿಲುವು. ಇಂದು ವೈದ್ಯರು ಹೇಳುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅವರು ಮಾಡಿದ್ದು ಎಷ್ಟು ಸರಿ ಎಂದು ತಿಳಿಯುತ್ತದೆ. ಒಂದು ಕಡೆ ಎಡವಿದ್ದೂ ತಿಳಿಯುತ್ತದೆ.

ನಮ್ಮ ದೇಹದ ಒಳಗಿನ ಬಿಸಿ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಅದು 35ಕ್ಕಿಂತ ಕೆಳಗಿಳಿದರೆ ಅಪಾಯ ಶುರು. ವೈದ್ಯರು ಅದಕ್ಕೆ ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಮೈ ಗಡಗಡ ನಡುಗುತ್ತದೆ. ಬೆರಳುಗಳು ಮಾತು ಕೇಳುವುದಿಲ್ಲ, ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ. ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ. ಚೆನ್ನಾಗಿಯೇ ಇದ್ದೇನೆ ಎಂದು ಹಟ ಹಿಡಿಯುವವನೂ ಉಂಟು, ಏಕೆಂದರೆ ಬುದ್ಧಿಯೂ ಮಂಕಾಗಿರುತ್ತದೆ. ಆಮೇಲೆ ನಡುಕ ನಿಂತುಬಿಡುತ್ತದೆ. ನೋಡಿದವರು ಸುಧಾರಿಸಿದ ಎಂದುಕೊಳ್ಳುತ್ತಾರೆ. ಅದು ಸುಧಾರಣೆಯಲ್ಲ; ಮೈ ಸೋತ ಗುರುತು. ಇದನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ತನ್ನ ಸ್ಥಿತಿ ತನಗೆ ಗೊತ್ತಾಗದ ಕಾಯಿಲೆ ಇದು. ಪಕ್ಕದಲ್ಲಿರುವವನು ನೋಡಬೇಕು, ಮಾತಾಡಿಸಬೇಕು. ಆ ನಾಲ್ವರು ರಾತ್ರಿಯಿಡೀ ಮಾತನಾಡಿದ್ದು ಬರೀ ಹೊತ್ತು ಕಳೆಯಲಿಕ್ಕಲ್ಲ.

ಗಾಳಿಯಿಂದ ಮರೆಯಾಗಿ ಕುಳಿತದ್ದು ಅವರ ಎರಡನೆಯ ಜಾಣತನ. ಎತ್ತರ ಏರಿದಂತೆ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಚಳಿ ಹೆಚ್ಚುತ್ತದೆ. ಅದರ ಮೇಲೆ ಗಾಳಿ ಬೀಸಿದರೆ ಮೈಗೆ ಅಂಟಿಕೊಂಡ ತೆಳುವಾದ ಬಿಸಿ ಪದರವೂ ಹಾರಿಹೋಗುತ್ತದೆ. ಬಟ್ಟೆ ಒದ್ದೆಯಾಗಿದ್ದರಂತೂ ಮುಗಿಯಿತು. ನಮ್ಮ ಹುಡುಗರು ಜೀನ್ಸ್ ಪ್ಯಾಂಟು, ಹತ್ತಿಯ ಬನಿಯನ್ನು ಹಾಕಿಕೊಂಡೇ ಹೊರಡುತ್ತಾರೆ. ಹತ್ತಿ ನಮ್ಮ ಸೆಕೆಗೆ ಒಳ್ಳೆಯದು. ಬೆವರು ಹೀರಿ ತಂಪು ಕೊಡುತ್ತದೆ. ಹಿಮದಲ್ಲಿ ಅದೇ ಗುಣ ಮೃತ್ಯುವಾಗುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಉಡುಪುಗಳನ್ನು ಒಂದರ ಮೇಲೊಂದು ತೊಟ್ಟು, ಹತ್ತುವಾಗ ಬೆವರುವ ಮೊದಲೇ ಒಂದನ್ನು ಕಳಚಿ, ನಿಂತ ತಕ್ಷಣ ಮತ್ತೆ ತೊಡುವುದು ಮೇಲು. ಕಲ್ಲಿನ ಮೇಲೆ, ಹಿಮದ ಮೇಲೆ ಬರಿದೇ ಕೂರಬಾರದು. ಹಗ್ಗವೋ ಬ್ಯಾಗೋ ಏನಾದರೂ ಅಡಿಗೆ ಇರಬೇಕು. ಇನ್ನೊಂದು ಮಾತು. ಚಳಿ ಎಂದು ಮುಚ್ಚಿದ ಡೇರೆಯೊಳಗೆ ಸ್ಟೌವೋ ಕೆಂಡವೋ ಇಟ್ಟುಕೊಂಡು ಮಲಗಿದರೆ ವಿಷದ ಗಾಳಿ ತುಂಬಿ, ಮಲಗಿದವರು ಮೇಲೇಳುವುದಿಲ್ಲ.

ಎಡವಿದ್ದೆಂದರೆ ಆ ಕಿರ್ಶ್. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ನಂಬಿದ್ದರು, ಅವರನ್ನು ದೂರಲಾಗದು. ಮದ್ಯ ಕುಡಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮೈ ಬೆಚ್ಚಗಾದಂತೆ ಅನಿಸುತ್ತದೆ. ನಿಜಕ್ಕೂ ಒಳಗಿನ ಬಿಸಿ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ಚಳಿಗೆ ಒಂದು ಪೆಗ್ಗು ಎನ್ನುವ ನಮ್ಮ ಮದುವೆಮನೆಯ ಮಾತನ್ನು ಬೆಟ್ಟಕ್ಕೆ ಒಯ್ಯಬಾರದು. ಚಳಿ ಹಿಡಿದವನಿಗೆ, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ, ಸಕ್ಕರೆ ಹಾಕಿದ ಬಿಸಿ ಪಾನೀಯ ಕೊಡಬೇಕು. ಒದ್ದೆ ಬಟ್ಟೆ ತೆಗೆದು, ಒಣ ಹೊದಿಕೆ ಹೊದಿಸಿ, ಮೊದಲು ಎದೆ, ಕತ್ತು, ಕಂಕುಳ ಭಾಗ ಬೆಚ್ಚಗಾಗುವಂತೆ ನೋಡಿಕೊಳ್ಳಬೇಕು. ಮರಗಟ್ಟಿದ ಬೆರಳುಗಳನ್ನು ಹಿಮದಿಂದ ತಿಕ್ಕಬೇಕೆಂಬ ಹಳೆಯ ಉಪಚಾರವೂ ತಪ್ಪು. ಕೈಯಿಂದಲೂ ತಿಕ್ಕಬಾರದು, ಒಳಗಿನ ಮಾಂಸ ಹರಿದುಹೋಗುತ್ತದೆ. ಇಷ್ಟು ಮಾಡಿ ಬೇಗ ಆಸ್ಪತ್ರೆ ಸೇರಿಸಬೇಕು.

ಮದ್ಯದ ಮಾತು ಬಂದಾಗ ಕೊರಳಿಗೆ ಪುಟ್ಟ ಬ್ರಾಂದಿ ಪೀಪಾಯಿ ಕಟ್ಟಿಕೊಂಡ ದೊಡ್ಡ ನಾಯಿಯ ಚಿತ್ರ ನಿಮಗೆ ನೆನಪಾಗಬಹುದು. ಅದು ಸಂತ ಬರ್ನಾರ್ಡ್ ನಾಯಿ. ಪೀಪಾಯಿ 19ನೇ ಶತಮಾನದ ಒಬ್ಬ ಇಂಗ್ಲಿಷ್ ಚಿತ್ರಕಾರನ ಕಲ್ಪನೆ. ನಾಯಿಗಳು ಮಾತ್ರ ನಿಜ. ಅವುಗಳಿಗೆ ಹೆಸರು ಕೊಟ್ಟ ಸಂತರ ಬಗ್ಗೆ ಎರಡು ಮಾತು ಹೇಳದಿದ್ದರೆ ರಾತ್ತಿಯವರ ಕಥೆ ಪೂರ್ತಿಯಾಗುವುದಿಲ್ಲ.

ಇಟಲಿಯಿಂದ ಸ್ವಿಟ್ಜರ್ಲೆಂಡಿಗೆ ಹೋಗುವ 2,469 ಮೀಟರ್ ಎತ್ತರದ ಕಣಿವೆದಾರಿಯೊಂದಿದೆ. ರೋಮಿಗೆ ಯಾತ್ರೆ ಹೊರಟವರು ಆ ದಾರಿಯಲ್ಲಿ ಹಿಮಕ್ಕೂ ದರೋಡೆಕೋರರಿಗೂ ಸಿಕ್ಕಿ ಸಾಯುತ್ತಿದ್ದರು. ಅಲ್ಲಿಗೆ ಹತ್ತಿರದ ಔಸ್ತಾ ಧರ್ಮಪ್ರಾಂತ್ಯದ ಗುರುಗಳಾಗಿದ್ದ ಬರ್ನಾರ್ಡರು 11ನೇ ಶತಮಾನದ ಮಧ್ಯದಲ್ಲಿ, ಸುಮಾರು 1050ರಲ್ಲಿ, ಆ ದಾರಿಯ ನೆತ್ತಿಯ ಮೇಲೆಯೇ ಒಂದು ಆಶ್ರಯಧಾಮ ಕಟ್ಟಿಸಿದರು. ಮೆಂತೋನ್ ಕೋಟೆಯ ಶ್ರೀಮಂತ ಮಗ, ಮದುವೆಯ ಹಿಂದಿನ ರಾತ್ರಿ ಕಿಟಕಿಯಿಂದ ಹಾರಿ ಓಡಿಹೋದವರು ಎಂದೆಲ್ಲ ಅವರ ಬಗ್ಗೆ ಕಥೆಗಳಿವೆ. ಅವನ್ನು ಕಥೆಯಾಗಿಯೇ ಬಿಡೋಣ. ಅವರು ಕಟ್ಟಿಸಿದ ಮನೆ ಮಾತ್ರ ಕಥೆಯಲ್ಲ. ಅಲ್ಲಿನ ಗುರುಗಳೂ ಸೇವಕರೂ ಚಳಿಗಾಲದಲ್ಲಿ ದಾರಿಗಿಳಿದು ಬರುವವರನ್ನು ಹುಡುಕುತ್ತಿದ್ದರು; ಹಿಮದಲ್ಲಿ ಹೂತವರನ್ನು ಹೊರಗೆಳೆಯುತ್ತಿದ್ದರು. 17ನೇ ಶತಮಾನದಿಂದೀಚೆಗೆ ನಾಯಿಗಳೂ ಜೊತೆಗೂಡಿದವು. 1800ರಲ್ಲಿ ಹುಟ್ಟಿದ ಬ್ಯಾರಿ ಎಂಬ ನಾಯಿ ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಹೇಳುತ್ತಾರೆ. ಹೆಣಗಳನ್ನು ಹೂಳಲು ನೆಲ ಅಗೆಯಲಾಗದೆ ಪಕ್ಕದಲ್ಲೇ ಒಂದು ಶವದ ಕೋಣೆಯನ್ನೂ ಅವರು ಇಟ್ಟುಕೊಳ್ಳಬೇಕಾಗಿತ್ತು ಎಂದರೆ, ಉಳಿಸಲಾಗದವರೂ ಎಷ್ಟಿದ್ದರೆಂದು ಊಹಿಸಿ.

ರಾತ್ತಿಯವರ ಕಡೆಗೆ ಮರಳೋಣ. 1913ರವರೆಗೂ ಅವರು ಬೆಟ್ಟ ಹತ್ತಿದರು. ಆಮೇಲೆ ಜೀವನ ಬೇರೆ ಏರುಗಳನ್ನು ಒಡ್ಡಿತು. ವತಿಕಾನಿನ ಗ್ರಂಥಾಲಯದ ಮುಖ್ಯಸ್ಥರಾದರು. 1918ರಲ್ಲಿ ಜಗದ್ಗುರುಗಳ ಪ್ರತಿನಿಧಿಯಾಗಿ ಪೋಲೆಂಡಿಗೆ ಹೋದರು. 1920ರಲ್ಲಿ ಸೋವಿಯತ್ ಸೈನ್ಯ ವಾರ್ಸಾ ನಗರದ ಬಾಗಿಲಿಗೆ ಬಂದಾಗ ಹೆಚ್ಚಿನ ದೇಶಗಳ ರಾಯಭಾರಿಗಳು ಊರು ಬಿಟ್ಟರು, ಇವರು ಉಳಿದರು. ಬಂಡೆಯ ಅಂಚಿನಲ್ಲಿ ಕುಳಿತು ಅಭ್ಯಾಸವಿದ್ದವರು! 1921ರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರೂ ಕಾರ್ಡಿನಲರೂ ಆದರು. 1922ರ ಫೆಬ್ರವರಿ 6ರಂದು ಜಗದ್ಗುರುಗಳಾಗಿ ಆರಿಸಿ ಬಂದರು.

ಅಲ್ಲಿಗೆ ಬೆಟ್ಟ ಮುಗಿಯಿತು. ಇಟಲಿ ಸರ್ಕಾರದೊಂದಿಗಿನ ಹಳೆಯ ವ್ಯಾಜ್ಯದಿಂದಾಗಿ 1870ರ ನಂತರದ ಜಗದ್ಗುರುಗಳು ವತಿಕಾನಿನ ಗೋಡೆ ದಾಟುತ್ತಿರಲಿಲ್ಲ. 1929ರಲ್ಲಿ ಒಪ್ಪಂದವಾಗುವವರೆಗೆ ಇವರೂ ದಾಟಲಿಲ್ಲ. ಮೊಂತೆ ರೋಸಾ ಹತ್ತಿದ ಕಾಲುಗಳಿಗೆ ಏಳು ವರ್ಷ ಉಳಿದದ್ದು ತೋಟದ ದಾರಿ ಮಾತ್ರ. ಅವರು ಗೊಣಗಿದ್ದನ್ನು ನಾನೆಲ್ಲೂ ಓದಿಲ್ಲ.

ಆದರೆ ಬೆಟ್ಟವನ್ನು ಅವರು ಮರೆಯಲಿಲ್ಲ. 1923ರ ಆಗಸ್ಟ್ 20ರಂದು, ಅನೆಸಿ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಸಂತ ಬರ್ನಾರ್ಡರನ್ನು ಆಲ್ಪ್ಸ್ ನಿವಾಸಿಗಳ, ಪ್ರಯಾಣಿಕರ ಮತ್ತು ಪರ್ವತ ಹತ್ತುವವರ ಪಾಲಕ ಸಂತರೆಂದು ಘೋಷಿಸಿದರು. ದುಡುಕನ್ನು ದೂರವಿಟ್ಟರೆ ಮೈಗೂ ಮನಸ್ಸಿಗೂ ಇದಕ್ಕಿಂತ ಆರೋಗ್ಯಕರವಾದ ವಿನೋದ ಇನ್ನೊಂದಿಲ್ಲವೆಂದು ಆ ಪತ್ರದಲ್ಲಿ ಅಕ್ಕರೆಯಿಂದ ಹೇಳಿದರು. ದುಡುಕನ್ನು ದೂರವಿಟ್ಟರೆ ಎಂಬ ಆ ಷರತ್ತನ್ನು ಗಮನಿಸಿ. ಬಂಡೆಯ ಮೇಲೆ ಒಂದು ರಾತ್ರಿ ಕಳೆದವರು ಮಾತ್ರ ಅದನ್ನು ಅಷ್ಟು ಖಚಿತವಾಗಿ ಬರೆಯಬಲ್ಲರು.

ಎಷ್ಟು ವಿವೇಕವಿದ್ದರೂ ಚಳಿ ಗೆಲ್ಲುವ ದಿನಗಳಿವೆ ಎಂಬುದನ್ನೂ ಅವರು ಕಾಣಬೇಕಾಯಿತು. 1928ರಲ್ಲಿ ಇಟಲಿಯ ಉಂಬೆರ್ತೊ ನೋಬಿಲೆ ವಾಯುನೌಕೆಯಲ್ಲಿ ಉತ್ತರ ಧ್ರುವಕ್ಕೆ ಹೊರಟಾಗ, ಅಲ್ಲಿ ಇಳಿಸಲೆಂದು ಜಗದ್ಗುರುಗಳು ಒಂದು ಮರದ ಶಿಲುಬೆಯನ್ನು ಕೊಟ್ಟು ಕಳುಹಿಸಿದರು. ಮೇ 24ರಂದು ಶಿಲುಬೆ ಧ್ರುವದ ಹಿಮಕ್ಕೆ ಇಳಿಯಿತು; ಮರುದಿನವೇ ನೌಕೆ ಬಿದ್ದಿತು. ಅದರಲ್ಲಿದ್ದ 16 ಮಂದಿಯಲ್ಲಿ ಬದುಕಿ ಮರಳಿದವರು ಎಂಟೇ ಜನ. ಅವರಲ್ಲಿ ಹೆಚ್ಚಿನವರು ಉಳಿದದ್ದು ಮಂಜುಗಡ್ಡೆಯ ಮೇಲೊಂದು ಡೇರೆ ಹಾಕಿ, ರೇಡಿಯೋದಲ್ಲಿ ಕರೆಯುತ್ತಾ ಕಾದು ಕುಳಿತದ್ದರಿಂದ. ಅವರನ್ನು ಹುಡುಕಲು ಹೋದ ನಾರ್ವೆಯ ಅಮುಂಡ್ಸೆನ್, ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ಆ ಮಹಾ ಅನುಭವಿ, ತಾನೇ ಮರಳಿ ಬರಲಿಲ್ಲ.

ಜಗದ್ಗುರು ಹನ್ನೊಂದನೆಯ ಪಿಯುಸ್ 1939ರ ಫೆಬ್ರವರಿ 10ರಂದು ತೀರಿಕೊಂಡರು. ಮಕ್ಕಳು ಚಾರಣಕ್ಕೆ ಹೊರಟಾಗ ಬೇಡವೆನ್ನಬೇಡಿ. ಗೈಡು ಯಾರು, ಹವೆ ಹೇಗಿದೆ, ಹಿಂದಿರುಗುವುದು ಎಷ್ಟು ಗಂಟೆಗೆ, ಆಗದಿದ್ದರೆ ಎಲ್ಲಿಂದ ತಿರುಗುತ್ತೀರಿ ಎಂದು ಕೂರಿಸಿಕೊಂಡು ಕೇಳಿ. ಶಿಖರ ಮುಟ್ಟದೆ ಬಂದರೂ ಈ ಮನೆಯಲ್ಲಿ ಯಾರೂ ನಗುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಅವರ ಕಿವಿಗೆ ಹಾಕಿ.

ಸಂತ ಬರ್ನಾರ್ಡರ ಆಶ್ರಯಧಾಮ ಇಂದಿಗೂ ಇದೆ. 1964ರಲ್ಲಿ ಬೆಟ್ಟದಡಿ ಸುರಂಗ ಮಾರ್ಗ ತೆರೆದ ಮೇಲೆ ವಾಹನಗಳೆಲ್ಲ ಕೆಳಗೇ ಹೋಗುತ್ತವೆ. ಚಳಿಗಾಲದಲ್ಲಿ ಮೇಲಿನ ರಸ್ತೆ ಹಿಮದಲ್ಲಿ ಮುಚ್ಚಿಹೋಗುತ್ತದೆ. ಹಿಮಪಾದುಕೆ ತೊಟ್ಟೋ, ಸ್ಕೀ ಹಲಗೆಗಳ ಮೇಲೋ ಮಾತ್ರ ಅಲ್ಲಿಗೆ ಹೋಗಬಹುದು. ಹಾಗೆ ಹೋದವರಿಗಾಗಿ ಅಲ್ಲಿನ ಗುರುಗಳು ಬಾಗಿಲು ತೆರೆದೇ ಇಟ್ಟಿರುತ್ತಾರೆ.